ಹಾಲಿಗಾಗಿ ನಿಂತ ಕಾಶಿಯಾತ್ರೆ

ಗಾಂಧಿ ಬಜಾರಿನ ಹೂವಿನ ಸಾಲು ದಾಟಿ ಎಡಕ್ಕೆ ತಿರುಗಿದರೆ ಸಿಗುವ ಪದ್ಮಸೌಧ ಕಲ್ಯಾಣ ಮಂಟಪದಲ್ಲಿ ಕೋಣೆಗಳಿಗೇನೂ ಬರವಿರಲಿಲ್ಲ. ವಧುವಿಗೊಂದು, ವರನಿಗೊಂದು, ಬೀಗರಿಗೆ ಐದಾರು, ಪುರೋಹಿತರಿಗೊಂದು, ಓಲಗದವರು ವಾದ್ಯ ಇಟ್ಟುಕೊಳ್ಳಲು ಮೆಟ್ಟಿಲ ಕೆಳಗೊಂದು, ಗೇಟಿನ ಪಕ್ಕ ಚಪ್ಪಲಿಗೂ ಒಂದು. ಇಷ್ಟೂ ಕೋಣೆಗಳ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವವಳು ಮಂಟಪದ ಮ್ಯಾನೇಜರ್ ವಿನುತಾ. ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿದ ದಿನವೇ ಅವಳಿಗೆ ಒಂದು ವಿಷಯ ಹೊಳೆಯಿತು: ಒಳಗಿನಿಂದ ಚಿಲಕ ಹಾಕಿಕೊಂಡು ಸ್ವಲ್ಪ ಹೊತ್ತು ನೆಮ್ಮದಿಯಾಗಿ ಕೂರಲು ತನಗೆ ಮಾತ್ರ ಇಲ್ಲಿ ಕೋಣೆಯಿಲ್ಲ.

ಮಗು ಓಕಳಿಪುರಂನಲ್ಲಿ, ಅತ್ತೆ ಸಪ್ಪಲಮ್ಮನ ತೊಡೆಯ ಮೇಲೆ. ಮಗುವಿನ ಹಾಲು ಬಸವನಗುಡಿಯಲ್ಲಿ, ವಿನುತಾಳ ಎದೆಯಲ್ಲಿ. ನಡುವೆ ಮೆಜೆಸ್ಟಿಕ್ಕಿನ ಟ್ರಾಫಿಕ್ಕು. ಎದೆಗೆ ಟ್ರಾಫಿಕ್ಕಿನ ಕಷ್ಟ ಅರ್ಥವಾಗುತ್ತದೆಯೇ? ಹೊತ್ತಿಗೆ ಸರಿಯಾಗಿ ಕಲ್ಲಿನಂತೆ ಗಟ್ಟಿಯಾಗಿ ಕೂರುತ್ತಿತ್ತು. ಯಾರ ಮಗು ಅತ್ತರೂ ಸಾಕು, ರವಿಕೆ ಒದ್ದೆ. ಮದುವೆ ಮನೆಯಲ್ಲಿ ಅಳುವ ಮಕ್ಕಳಿಗೆ ಕೊರತೆ ಎಲ್ಲಿಯದು? ಓಲಗ ಜೋರಾದಾಗಲೆಲ್ಲ ಯಾವುದೋ ಮೂಲೆಯಲ್ಲಿ ಒಂದು ಕೂಸು ಕಿರುಚುತ್ತಿತ್ತು, ವಿನುತಾ ಸೆರಗು ಎಳೆದುಕೊಂಡು ಓಡುತ್ತಿದ್ದಳು.

ತರಕಾರಿ ವ್ಯಾಪಾರದ ಗಂಡ ಮುನೇಶ್ ಎಲ್ಲೆಲ್ಲೋ ವಿಚಾರಿಸಿ ಹಾಲು ತೆಗೆಯುವ ಒಂದು ಪುಟ್ಟ ಯಂತ್ರ ತಂದುಕೊಟ್ಟಿದ್ದ. "ಬ್ಯಾಟರಿ ಪಂಪು ಕಣೇ. ಎಲ್ಲಿ ಬೇಕಾದ್ರೂ ಕೂತ್ಕೊಂಡು ತೆಗೀಬೋದು ಅಂತ ಡಬ್ಬದ ಮೇಲೇ ಬರ್ದವ್ರೆ," ಎಂದಿದ್ದ. ಹಾಗೆ ಬರೆದವರು ಪದ್ಮಸೌಧವನ್ನು ನೋಡಿರಲಿಲ್ಲ. ಪಂಪಿಗೆ ಇನ್ನೊಂದು ಗುಣವೂ ಇತ್ತು. ಅದು ಸದ್ದು ಮಾಡುತ್ತಿತ್ತು. ಗರ್... ಗರ್... ಎಂದು, ನಿದ್ದೆಯಲ್ಲಿರುವ ಬೆಕ್ಕಿನ ಹಾಗೆ.

ಮಾಲೀಕರನ್ನು ಕೇಳಿಬಿಡುವುದೇ ಸರಿ ಎಂದು ಹೋದಳು. ಬದರೀನಾರಾಯಣರು ಅರವತ್ತು ದಾಟಿದ ಸಂಕೋಚದ ಮನುಷ್ಯ. ಕೆಟ್ಟವರಲ್ಲ, ಆದರೆ ಹೆಂಗಸರ ಜೊತೆ ಮಾತಾಡುವಾಗ ಅವರ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೇ ಇರುತ್ತಿತ್ತು.

"ಸಾರ್, ನಂಗೊಂದು ಚಿಕ್ಕ ರೂಮ್ ಬೇಕಿತ್ತು. ದಿನಾ ಸ್ವಲ್ಪ ಹೊತ್ತು. ಪಂಪ್ ಮಾಡಕ್ಕೆ."

"ಪಂಪಾ?" ಬದರೀನಾರಾಯಣರು ಕ್ಯಾಲೆಂಡರನ್ನೇ ಕೇಳಿದರು. "ಪಂಪು ಹಿತ್ತಲಲ್ಲೇ ಇದೆಯಲ್ಲಮ್ಮ."

"ಆ ಪಂಪಲ್ಲ ಸಾರ್. ಇದು ನಂದು. ಮನೆಯಿಂದ ತಂದಿದೀನಿ."

"ಸ್ವಂತ ಪಂಪು ತಂದಿದೀಯಾ? ಎಷ್ಟು ಎಚ್‌ಪಿ?"

ವಿನುತಾ ತುಟಿ ಕಚ್ಚಿಕೊಂಡಳು. "ಚಿಕ್ಕದು ಸಾರ್. ಹಾಲಿಂದು."

"ಯಾವ ಹಾಲಿಂದು? ಡೈನಿಂಗ್ ಹಾಲಾ, ಮೇನ್ ಹಾಲಾ?"

ವಿನುತಾಳಿಗೆ ನಗು ಒಂದು ಕಡೆ, ನಾಚಿಕೆ ಒಂದು ಕಡೆ. ಅವಳು ತಡವರಿಸುವಷ್ಟರಲ್ಲಿ ಬದರೀನಾರಾಯಣರು ಫೋನ್ ಎತ್ತಿ ಪ್ಲಂಬರ್ ಮುರುಗೇಶನನ್ನು ಕರೆಸಿಯೇಬಿಟ್ಟರು. ಅವನು ಸ್ಪ್ಯಾನರ್ ಹಿಡಿದು ಹಿತ್ತಲಿಂದ ಟೆರೇಸಿನವರೆಗೆ ಎಲ್ಲ ನೋಡಿ ಬಂದು, "ಡೈನಿಂಗ್ ಹಾಲ್ ಪಂಪು ಸೂಪರಾಗಿದೆ ಸಾರ್. ಪ್ರೆಷರ್ ಒಂಚೂರೂ ಕಮ್ಮಿ ಇಲ್ಲ," ಎಂದ. ಪ್ರೆಷರ್ ಇರುವುದು ಎಲ್ಲಿ ಎಂದು ಹೇಳಲಾರದೆ ವಿನುತಾ ಹೊರಟುಬಂದಳು.

ಕೊನೆಗೆ ಅವಳಿಗೆ ಆಸರೆಯಾದದ್ದು ಅಡುಗೆಮನೆಯ ಪಕ್ಕದ ಉಗ್ರಾಣ. ಬೆಲ್ಲದ ಪಿಂಡಿ, ತೆಂಗಿನಕಾಯಿ ರಾಶಿ, ಬಾಳೆಲೆ ಕಟ್ಟುಗಳ ನಡುವೆ ಒಂದು ಎಣ್ಣೆ ಡಬ್ಬವೇ ಸಿಂಹಾಸನ. ಚಿಲಕ ಹೊರಗಡೆ ಮಾತ್ರ. ಹಾಗಾಗಿ ಬಾಗಿಲಿಗೆ ಬೆನ್ನು ಕೊಟ್ಟು ಕೂರಬೇಕಿತ್ತು. ತೆಗೆದ ಹಾಲನ್ನು ಐಸ್ ತುಂಬಿದ ಬ್ಯಾಗಿನಲ್ಲೇ ಇಟ್ಟುಕೊಳ್ಳುತ್ತಿದ್ದಳು. ಅಡುಗೆಮನೆಯ ಫ್ರಿಜ್ಜಿನಲ್ಲಿ ಇಡಲು ಧೈರ್ಯವಿರಲಿಲ್ಲ. ಕಾಫಿ ಮಾಡುವವನು ಕೈಗೆ ಸಿಕ್ಕಿದ ಹಾಲನ್ನೆಲ್ಲ ಡಿಕಾಕ್ಷನ್ನಿಗೆ ಸುರಿಯುವ ಆಸಾಮಿ.

ಒಂದು ಮಧ್ಯಾಹ್ನ ಉಗ್ರಾಣಕ್ಕೆ ಹೋಗುವಾಗ, ಪಾತ್ರೆ ತೊಳೆಯುವ ತೊಟ್ಟಿಯ ಹಿಂದೆ ಲಾವಣ್ಯಾ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಯಾರ ಅಡುಗೆಯಿದ್ದರೂ ಮಂಟಪದ ಕಡೆಯಿಂದ ತರಕಾರಿ ಹೆಚ್ಚುವವಳು, ಚಾಮರಾಜಪೇಟೆಯಿಂದ ಬರುವವಳು. ವಿನುತಾಳನ್ನು ಕಂಡು ಗಾಬರಿಯಿಂದ ಸೆರಗು ಮುಚ್ಚಿಕೊಂಡಳು.

"ಏನಾಯ್ತೇ?"

"ನಂದೂ ನಾಕು ತಿಂಗಳ ಕೂಸು ಅಕ್ಕ. ಅಮ್ಮನ ಹತ್ರ ಬಿಟ್ಟು ಬರ್ತೀನಿ. ನಿಮ್ ಹತ್ರ ಮಿಷಿನ್ನಾದ್ರೂ ಇದೆ. ನಾನು ಹಿಂಡಿ ತೊಟ್ಟಿಗೆ ಬಿಡ್ತೀನಿ. ಹರಿದು ಹೋಗೋದು ನೋಡಿದ್ರೆ ಕರುಳು ಚುರುಕ್ ಅಂತದೆ."

ವಿನುತಾ ಅವಳ ಕೈ ಹಿಡಿದು ಉಗ್ರಾಣಕ್ಕೆ ಕರೆದೊಯ್ದಳು. ಮರುದಿನ ಅವಳಿಗೂ ಒಂದು ತೊಳೆದ ಬಾಟಲಿ, ಒಂದಿಷ್ಟು ಐಸು ತಂದಳು. ಅಲ್ಲಿಂದ ಇಬ್ಬರಿಗೂ ಸರದಿ. ಒಬ್ಬಳು ಒಳಗಿದ್ದರೆ ಇನ್ನೊಬ್ಬಳು ಹೊರಗೆ ಕಾವಲು. ಅಡುಗೆಯವರು ಯಾರಾದರೂ ಬೆಲ್ಲಕ್ಕೋ ಬೇಳೆಗೋ ಬಂದರೆ ಲಾವಣ್ಯಾ, "ಒಳಗೆ ಹೋಗ್ಬೇಡಿ, ಹೆಗ್ಗಣ! ಇಷ್ಟು ದೊಡ್ಡದು!" ಎಂದು ಕೈ ಅಗಲಿಸಿ ತೋರಿಸುತ್ತಿದ್ದಳು. ಪಂಪಿನ ಗರ್ ಗರ್ ಕೇಳಿ ಅವರೂ ನಂಬುತ್ತಿದ್ದರು. ದಿನದಿಂದ ದಿನಕ್ಕೆ ಹೆಗ್ಗಣ ಲಾವಣ್ಯಾಳ ಕೈಗಳ ನಡುವೆ ಬೆಳೆಯುತ್ತಾ ಹೋಗಿ, ಕೊನೆಗೆ ಕರುವಿನಷ್ಟಾಯಿತು. ಒಳಗೆ ಕೂತ ವಿನುತಾ ನಗು ತಡೆಯಲಾರದೆ ಬಾಳೆಲೆ ಕಟ್ಟಿಗೆ ಮುಖ ಒತ್ತಿಕೊಳ್ಳುತ್ತಿದ್ದಳು.

ಹೆಗ್ಗಣದ ಸುದ್ದಿ ಹಬ್ಬಿದ್ದೇ ಮುಳುವಾಯಿತು. ಆರಾಧನಾ ಮತ್ತು ಸಂಕರ್ಷಣರ ಮದುವೆಗೆ ಅಡುಗೆ ಹಿಡಿದವರು ಹೊರಗಿನವರು, ಎಚ್ಚರಿಕೆಯ ಜನ. ಬಂದವರೇ ಉಗ್ರಾಣಕ್ಕೆ ತಮ್ಮದೇ ಬೀಗ ಜಡಿದರು.

ಮದುವೆಯ ದಿನ ವಿನುತಾ ಬೆಳಕು ಹರಿಯುವ ಮೊದಲೇ ಮನೆ ಬಿಟ್ಟಿದ್ದಳು. ವರಪಕ್ಷಕ್ಕೆ ಬಿಸಿನೀರು, ಪುರೋಹಿತರಿಗೆ ಮಣೆ, ಫೋಟೋದವನಿಗೆ ಪ್ಲಗ್ ಪಾಯಿಂಟು ಎಂದು ಓಡಾಡುವಷ್ಟರಲ್ಲಿ ಎದೆ ಎರಡೂ ಸಿಡಿಯುವ ಹಾಗಾಗಿತ್ತು. ವಧುವಿನ ಕೋಣೆಯಲ್ಲಿ ಹೆಂಗಸರ ಜಾತ್ರೆ. ಬೀಗರ ಕೋಣೆಗಳಲ್ಲಿ ಯಾರೋ ಪಂಚೆ ಉಡುತ್ತಿದ್ದರು, ಯಾರೋ ಸೀರೆ. ಅಷ್ಟರಲ್ಲಿ ಮಹಡಿಯ ವರನ ಕೋಣೆ ಕಣ್ಣಿಗೆ ಬಿತ್ತು. ಬಾಗಿಲು ತೆರೆದಿದೆ, ಒಳಗೆ ನರಪಿಳ್ಳೆಯಿಲ್ಲ. ಎಲ್ಲರೂ ತಿಂಡಿಗೆ ಇಳಿದಿದ್ದಾರೆ. ವರ ಉಪವಾಸ, ಎಲ್ಲೋ ಪುರೋಹಿತರ ಹತ್ತಿರ ಇರಬೇಕು.

'ಎಲ್ಲರೂ ಬರೋಷ್ಟರಲ್ಲಿ ಮುಗಿಸಿಬಿಡ್ತೀನಿ' ಎಂದುಕೊಂಡು ಒಳಗೆ ನುಗ್ಗಿ ಚಿಲಕ ಹಾಕಿದಳು. ಎಂಥ ಚಿಲಕ! ಒಳಗಡೆಯ ಚಿಲಕ! ಮಂಚದ ಮೇಲೆ ಕಾಶಿಯಾತ್ರೆಯ ಸರಂಜಾಮೆಲ್ಲ ಸಿದ್ಧವಾಗಿತ್ತು: ಹೊಸ ಛತ್ರಿ, ಬೆತ್ತ, ಬೀಸಣಿಗೆ, ಮರದ ಪಾದುಕೆ. ಪಕ್ಕದ ಕುರ್ಚಿಯಲ್ಲಿ ಕೂತು ಪಂಪು ಹಚ್ಚಿದಳು. ಗರ್... ಗರ್... ಹಾಲು ಇಳಿಯತೊಡಗಿದಾಗ ಆದ ಹಗುರಕ್ಕೆ ಕಣ್ಣು ತಾನಾಗಿ ಮುಚ್ಚಿತು.

ಆಗಲೇ ಬಾಗಿಲು ದಬದಬ ಎಂದಿತು.

"ಸಂಕರ್ಷಣ! ಬಾರೋ, ಕಾಶಿಯಾತ್ರೆಗೆ ಹೊತ್ತಾಯ್ತು!" ವರನ ಸೋದರಮಾವನ ದನಿ.

ವಿನುತಾ ಉಸಿರು ಬಿಗಿಹಿಡಿದಳು. ವರನ ಕೋಣೆಯಿಂದ ಹೆಣ್ಣಿನ ದನಿ ಬಂದರೆ ಏನಾದೀತು! ಸುಮ್ಮನಿದ್ದರೆ ಹೋಗಿಬಿಡುತ್ತಾರೆ ಎಂದುಕೊಂಡಳು. ಪಂಪು ಮಾತ್ರ ಸುಮ್ಮನಿರಲಿಲ್ಲ.

"ಒಳಗೆ ಏನೋ ಗರ್ ಅಂತಿದೆಯಲ್ಲ?" ಇನ್ನೊಂದು ದನಿ.

"ಟ್ರಿಮ್ಮರ್ ಕಣ್ರೀ."

"ಬೆಳಿಗ್ಗೇನೇ ಶೇವಿಂಗ್ ಆಯ್ತಲ್ಲ. ಈಗ್ಯಾಕೆ ಟ್ರಿಮ್ಮರು?"

ಆಮೇಲೆ ಯಾರೋ ಮೆಲ್ಲಗೆ, "ತಲೆ ಬೋಳಿಸ್ಕೋತಿದಾನೇನ್ರೀ?" ಎಂದರು.

"ಅಯ್ಯೋ ದೇವರೇ!" ಇದು ವರನ ತಾಯಿ. "ಚಿಕ್ಕೋನಿದ್ದಾಗ್ಲಿಂದ್ಲೂ ಹೇಳ್ತಿದ್ದ, ಸನ್ಯಾಸಿ ಆಗ್ತೀನಿ ಅಂತ!"

"ಅದು ಗಣಿತದ ಪರೀಕ್ಷೆ ಬಂದಾಗ ಹೇಳ್ತಿದ್ದದ್ದು ಕಣೇ," ಎಂದರು ಸೋದರಮಾವ. ಆದರೆ ಅವರ ದನಿಯಲ್ಲೂ ಅಳುಕಿತ್ತು.

ಪುರೋಹಿತರು ಬಾಗಿಲ ಸಂದಿಗೆ ಬಾಯಿಟ್ಟು ಕೂಗಿದರು: "ಕಾಶಿಯಾತ್ರೆ ಅಂದ್ರೆ ಗೇಟಿನ ತನಕ ಮಾತ್ರ ಸ್ವಾಮೀ! ನಿಜವಾಗ್ಲೂ ಹೋಗೋ ಹಾಗಿಲ್ಲ!"

ವಿನುತಾ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಭಯವೋ ನಗುವೋ ತಿಳಿಯದ ಏನೋ ಒಂದು ಹೊಟ್ಟೆಯಿಂದ ಎದ್ದು ಮೈಯೆಲ್ಲ ಕುಲುಕಿಸುತ್ತಿತ್ತು. ಅವಳು ಕುಲುಕಿದಷ್ಟೂ ಹಾಲು ಜಾಸ್ತಿಯಾಗಿ ಬರುತ್ತಿತ್ತು.

"ಮಾತಾಡ್ತಿಲ್ಲ ಅಂದ್ರೆ ಏನೋ ಆಗಿದೆ. ಬಾಗಿಲು ಒಡೀರಿ!"

ಇನ್ನು ಸುಮ್ಮನಿರುವಂತಿರಲಿಲ್ಲ. "ಒಡೀಬೇಡಿ! ವರ ಇಲ್ಲಿಲ್ಲ!" ಎಂದು ಕೂಗಿಬಿಟ್ಟಳು.

ಹೊರಗಿನ ಹೆಜ್ಜೆಗಳು ಹಿಂದೆ ಸರಿದವು.

"ಹೆಣ್ಣಿನ ದನಿ," ಎಂದಿತು ಒಂದು ಗಂಟಲು.

"ಯಾರಮ್ಮಾ ಒಳಗೆ? ಏನ್ ಮಾಡ್ತಿದೀಯ?"

"ನಾನು ವಿನುತಾ, ಮ್ಯಾನೇಜರ್ರು. ಹಾಲು ತೆಗೀತಿದೀನಿ!"

"ಹಾಲು ಅಡುಗೆಮನೇಲಿ ತಾನೇ ಇರೋದು? ವರನ ರೂಮಲ್ಲಿ ಯಾಕೆ?"

"ಮಗೂಗೆ!"

"ಯಾವ ಮಗು? ಯಾರ ಮಗು?" ಎಂದು ವಧುವಿನ ತಂದೆ ಕಿರುಚಿದರು. "ವರನಿಗೆ ಮಗು ಇದೆಯಾ?" ಎನ್ನುತ್ತಾ ಮೆಟ್ಟಿಲ ಮೇಲೆ ಕುಸಿದು ಕೂತರು. ಮಹಡಿಯಲ್ಲಿ ಜನ ಸೇರಿದ್ದನ್ನು ಕಂಡ ಓಲಗದವರು ಕಾಶಿಯಾತ್ರೆ ಶುರುವಾಯಿತೆಂದು ತಿಳಿದು ಜೋರಾಗಿ ನುಡಿಸತೊಡಗಿದರು. ಎಲ್ಲೋ ಒಂದು ಕೂಸು ಕಿರುಚಿತು. ವಿನುತಾಳ ಇನ್ನೊಂದು ಎದೆಯೂ ಒಸರಿತು.

ಆ ಗದ್ದಲ ಸೀಳಿಕೊಂಡು ಕೋಲಿನ ಟಕ್ ಟಕ್ ಸದ್ದು ಬಂತು. ವಧುವಿನ ಅಜ್ಜಿ ಅಂಬುಜಮ್ಮ. ಆಳು ಪುಟ್ಟದು, ದನಿ ಮಾತ್ರ ದೇವಸ್ಥಾನದ ಗಂಟೆ.

"ಸರೀರಿ ಎಲ್ಲಾ! ಮೊದ್ಲು ಆ ಓಲಗ ನಿಲ್ಸಿ." ಎಲ್ಲವೂ ನಿಂತಿತು. ಅಜ್ಜಿ ಬಾಗಿಲಿಗೆ ಕಿವಿಯಿಟ್ಟರು. ಗರ್... ಗರ್... "ಓ, ಇದಾ? ಮಲ್ಲೇಶ್ವರದಲ್ಲಿ ನನ್ನ ದೊಡ್ಡ ಮೊಮ್ಮಗಳ ಹತ್ರಾನೂ ಇದೆ. ಮಗೂ, ಎಷ್ಟು ತಿಂಗಳ ಕೂಸು?"

"ಐದು ತಿಂಗಳು ಅಜ್ಜಿ."

"ಎರಡೂ ಕಡೆ ಆಯ್ತಾ?"

"ಒಂದು ಕಡೆ ಬಾಕಿ."

"ನಿಧಾನವಾಗಿ ಮುಗಿಸು. ಕಾಶಿ ಎಲ್ಲೂ ಓಡಿಹೋಗಲ್ಲ." ಅಜ್ಜಿ ಒಂದು ಕುರ್ಚಿ ಎಳೆಸಿ, ಬಾಗಿಲಿಗೆ ಅಡ್ಡಲಾಗಿ ಹಾಕಿ ಕೂತುಬಿಟ್ಟರು.

ಅಷ್ಟರಲ್ಲಿ ಅಡುಗೆಮನೆ ಕಡೆಯ ಹಿಂದಿನ ಮೆಟ್ಟಿಲಿನಿಂದ ಲಾವಣ್ಯಾ ಓಡಿಬಂದಳು. ಅವಳ ಹಿಂದೆ ವರ ಸಂಕರ್ಷಣ. ಪಂಚೆ ಎತ್ತಿ ಕಟ್ಟಿದ್ದ. ಕೈಯಲ್ಲಿ ಒಂದು ದೊನ್ನೆ, ಮೀಸೆಯ ತುದಿಯಲ್ಲಿ ಕೇಸರಿಬಾತಿನ ಒಂದು ಚೂರು. ತಾಯಿ ಮೊದಲು ಅವನ ತಲೆ ತಡವಿ ನೋಡಿದರು. ಕೂದಲು ಇತ್ತು. ಆಮೇಲೆ ದೊನ್ನೆ ನೋಡಿದರು.

"ಉಪವಾಸ ಅಲ್ವೇನೋ ನೀನು!"

"ಒಂದೇ ತುತ್ತು ಅಮ್ಮ."

"ಮೂರನೇ ದೊನ್ನೆ," ಎಂದಳು ಲಾವಣ್ಯಾ, ಬಾಯಿ ತಪ್ಪಿ.

ಪಕ್ಕದ ಕೋಣೆಯಿಂದ ತಲೆ ಹೊರಹಾಕಿದ್ದ ವಧು ಆರಾಧನಾ ನಗಲು ಶುರುಮಾಡಿದಳು. ಬಾಸಿಂಗ ಅಲುಗಾಡಿತು, ಬಳೆ ಝಲ್ಲೆಂದವು. ಅವಳ ನಗು ಅಜ್ಜಿಗೆ ಅಂಟಿತು, ಅಜ್ಜಿಯಿಂದ ಪುರೋಹಿತರಿಗೆ. ಮೆಟ್ಟಿಲ ಮೇಲೆ ಕೂತಿದ್ದ ವಧುವಿನ ತಂದೆಗೆ ಯಾರೋ ವಿವರಿಸಿದ ಮೇಲೆ ಅವರೂ ಕಣ್ಣು ಒರೆಸಿಕೊಳ್ಳುತ್ತಾ ನಕ್ಕರು.

ಆಗ ಚಿಲಕ ತೆಗೆದ ಸದ್ದಾಯಿತು. ವಿನುತಾ ಹೊರಬಂದಳು. ಒಂದು ಕೈಯಲ್ಲಿ ಹಾಲಿನ ಬ್ಯಾಗು, ಇನ್ನೊಂದರಲ್ಲಿ ಕಾಶಿಯಾತ್ರೆಯ ಛತ್ರಿ. ಛತ್ರಿಯನ್ನು ಸಂಕರ್ಷಣನ ಕೈಗೆ ಕೊಟ್ಟಳು. ಮುಖ ಕೆಂಪಾಗಿತ್ತು, ಆದರೆ ಅಳು ಬರಲಿಲ್ಲ. ಹಗುರಾಗಿದ್ದಳು, ಎದೆಯಲ್ಲೂ, ತಲೆಯಲ್ಲೂ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲವಲ್ಲ!

ಬದರೀನಾರಾಯಣರು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ಮಾತಾಡುವ ಮುನ್ನ ಅಭ್ಯಾಸದಂತೆ ಗೋಡೆ ನೋಡಿದರು. ಆ ಗೋಡೆಯ ಮೇಲೆ ಕ್ಯಾಲೆಂಡರ್ ಇರಲಿಲ್ಲ. ವಿಧಿಯಿಲ್ಲದೆ ವಿನುತಾಳ ಮುಖವನ್ನೇ ನೋಡಿದರು.

"ಏನಮ್ಮಾ ಇದು? ನಂಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ದೆ ಸಾರ್. ನೀವು ಪ್ಲಂಬರ್‌ನ ಕಳಿಸಿದ್ರಿ."

ಪಂಪು, ಹಾಲು, ಎಚ್‌ಪಿ ಎಲ್ಲ ಒಂದೊಂದಾಗಿ ಬದರೀನಾರಾಯಣರ ತಲೆಯೊಳಗೆ ಸರಿಯಾದ ಜಾಗದಲ್ಲಿ ಕೂರುವುದು ಹೊರಗಿನವರಿಗೂ ಕಾಣುವಂತಿತ್ತು. ಕಿವಿ ಕೆಂಪಾಗಿ, ಆ ಕೆಂಪು ಬೋಳುತಲೆಯ ಮೇಲಕ್ಕೆ ಹತ್ತಿತು.

"ಸಾರ್," ಎಂದಳು ವಿನುತಾ. "ಇಲ್ಲಿ ವಧುಗೆ ರೂಮಿದೆ, ವರನಿಗೆ ರೂಮಿದೆ. ಓಲಗಕ್ಕಿದೆ, ಚಪ್ಪಲಿಗೂ ಇದೆ. ಎಲ್ಲಾದ್ರ ಕೀನೂ ನನ್ನ ಸೊಂಟದಲ್ಲೇ ಇದೆ. ನಾನು, ಈ ಲಾವಣ್ಯಾ ಮಾತ್ರ ಎಣ್ಣೆ ಡಬ್ಬದ ಮೇಲೆ ಕೂತ್ಕೊಂಡು ಹೆಗ್ಗಣ ಅನ್ನಿಸ್ಕೊಂಡು ಹಾಲು ತೆಗೀತೀವಿ. ಒಳಗಡೆ ಚಿಲಕ ಇರೋ ಒಂದು ರೂಮ್ ಕೊಡಿ ಸಾರ್. ಒಂದು ಫ್ಯಾನು, ಒಂದು ಪ್ಲಗ್ ಪಾಯಿಂಟು, ಕೂರಕ್ಕೊಂದು ಕುರ್ಚಿ. ಅಷ್ಟೇ."

"ನಂಗೂ!" ಗುಂಪಿನ ಹಿಂದಿನಿಂದ, ರೇಷ್ಮೆ ಸೀರೆಯುಟ್ಟು ಕೂಸು ಎತ್ತಿಕೊಂಡಿದ್ದ ಒಬ್ಬಳು ಕೈ ಎತ್ತಿದಳು. "ಬೆಳಿಗ್ಗೆಯಿಂದ ಕೈ ತೊಳೆಯೋ ಜಾಗದ ಮೂಲೇಲಿ ಸೆರಗು ಹೊದ್ದು ಕೂತಿದೀನಿ!"

"ನಾನು ಕಾರಲ್ಲಿ!" ಎಂದಳು ಮತ್ತೊಬ್ಬಳು.

"ನಾನು ಮೂವತ್ತು ವರ್ಷದ ಹಿಂದೆ ಇದೇ ಮಂಟಪದ ಬಾತ್‌ರೂಮಲ್ಲಿ!" ಎಂದು ವರನ ತಾಯಿಯೂ ಸೇರಿಕೊಂಡರು. ಮಗನ ಕಡೆ ತೋರಿಸಿ, "ಇವನಿಗೇ!" ಎಂದರು. ಸಂಕರ್ಷಣ ಛತ್ರಿ ಬಿಚ್ಚಿ ಮುಖ ಮರೆಮಾಡಿಕೊಂಡ. ಛತ್ರಿಯ ಒಳಗಿನಿಂದಲೇ ಹೇಳಿದ: "ಸಾರ್, ಸದ್ಯಕ್ಕೆ ನನ್ ರೂಮೇ ಅವ್ರಿಗೆಲ್ಲ ಕೊಟ್ಬಿಡಿ. ನಾನು ಹೇಗೂ ಕಾಶಿಗೆ ಹೊರಟೆ."

ನಗೆಯ ಅಲೆ ಇಳಿಯುವವರೆಗೆ ಬದರೀನಾರಾಯಣರು ಕಾದರು. ಗಂಟಲು ಸರಿಮಾಡಿಕೊಂಡರು. "ಆಫೀಸಿನ ಹಿಂದೆ ನಾನು ಊಟ ಆದ್ಮೇಲೆ ಮಲಗೋ ರೂಮಿದೆ," ಎಂದರು. "ಫ್ಯಾನಿದೆ, ಫ್ರಿಜ್ಜೂ ಇದೆ. ನಾಳೆಯಿಂದ ಅದು ನಿಮ್ಮದು. ಅಲ್ಲಿ ನೀವು..." ತಡವರಿಸಿದರು, ಬೆವರಿದರು. ಅಂಬುಜಮ್ಮ ಕೋಲು ಕುಟ್ಟಿ, "ಹೇಳಿ, ಹೇಳಿ, ನಾಲಿಗೆ ಸುಡಲ್ಲ," ಎಂದರು. "...ಹಾಲು ತೆಗೀಬೋದು!" ಎಂದು ಬದರೀನಾರಾಯಣರು ಒಂದೇ ಉಸಿರಿಗೆ ಕೂಗಿಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ಓಲಗದವರಿಗೆ ಇನ್ನು ತಡೆಯಲಾಗಲಿಲ್ಲ. ಸಂಕರ್ಷಣ ಪಾದುಕೆ ಮೆಟ್ಟಿ ಗೇಟಿನ ತನಕ ಕಾಶಿಗೆ ಹೋದ, ವಧುವಿನ ತಂದೆ ಓಡಿಹೋಗಿ ಕೈ ಹಿಡಿದು ಕರೆತಂದರು. ಮುಹೂರ್ತ ತಪ್ಪಲಿಲ್ಲ.

ಮಾತು ಕೊಟ್ಟ ಮೇಲೆ ಬದರೀನಾರಾಯಣರು ಹಿಂದೆಗೆಯುವವರಲ್ಲ. ಆ ವಾರವೇ ಸುಣ್ಣ ಬಳಿಸಿ, ಕಿಟಕಿಗೆ ಪರದೆ ಹಾಕಿಸಿ, ಕೈಯಿರುವ ಎರಡು ಕುರ್ಚಿ ತರಿಸಿದರು. ಬಾಗಿಲಿಗೆ 'ತಾಯಂದಿರ ಕೋಣೆ' ಎಂದು ಬೋರ್ಡು ಬರೆಸಿದರು. ಮಧ್ಯಾಹ್ನದ ನಿದ್ದೆಗೆ ತಾವು ಮನೆಗೆ ಹೋಗತೊಡಗಿದರು. ಮನೆಯ ನಿದ್ದೆಯೇ ಚೆಂದ ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡಿದರು. ಮದುವೆಗೆ ಮಂಟಪ ಗೊತ್ತುಮಾಡಲು ಬಂದವರಿಗೆ ಊಟದ ಹಾಲಿಗಿಂತ ಮೊದಲು ಆ ಕೋಣೆಯನ್ನೇ ತೋರಿಸುವುದು ಅವರ ಹೊಸ ಖಯಾಲಿಯಾಯಿತು. ಒಳಗೆ ಯಾರಾದರೂ ಇದ್ದಾರೇನೋ ಎಂದು ಮೂರು ಸಲ ಕೆಮ್ಮಿ, ಆಮೇಲೆ ಬಾಗಿಲು ತಟ್ಟುತ್ತಿದ್ದರು.

ಒಂದು ಭಾನುವಾರದ ಮದುವೆಗೆ ಸಪ್ಪಲಮ್ಮ ಮಗುವನ್ನೇ ಆಟೋದಲ್ಲಿ ಕರೆತಂದರು. "ಅದ್ಯಾವ ಅರಮನೆ ನೋಡೇಬಿಡನ ಅಂತ ಬಂದೆ," ಎನ್ನುತ್ತಾ ಕೋಣೆಯ ನಡುವೆ ನಿಂತು ಸುತ್ತ ನೋಡಿ, ಪರದೆ ಮುಟ್ಟಿ, ಕುರ್ಚಿ ಒತ್ತಿ, "ಪರವಾಗಿಲ್ಲ," ಎಂದರು. ಸಪ್ಪಲಮ್ಮನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಲಾವಣ್ಯಾಳ ಅಮ್ಮನೂ ಅವಳ ಕೂಸನ್ನು ಹೊತ್ತುಕೊಂಡು ಬಂದಿದ್ದಳು. ಎರಡು ಕುರ್ಚಿಯಲ್ಲಿ ಇಬ್ಬರು ತಾಯಂದಿರು, ಇಬ್ಬರ ಮಡಿಲಲ್ಲೂ ಚಪ್ಪರಿಸುವ ಸದ್ದು. ವಿನುತಾ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದಳು. ಯಾರೂ ಬಾಗಿಲು ತಟ್ಟಲಿಲ್ಲ.

ಆಗ ಮಂಟಪದಲ್ಲಿ ತಾಳಿ ಕಟ್ಟುವ ಹೊತ್ತು. ಗಟ್ಟಿಮೇಳ ಸಿಡಿಯಿತು. ಎರಡೂ ಕೂಸುಗಳು ಒಟ್ಟಿಗೇ ಬಾಯಿ ಬಿಟ್ಟು, ಕತ್ತು ತಿರುಗಿಸಿ, ಅಚ್ಚರಿಯಿಂದ ಒಂದರ ಮುಖ ಇನ್ನೊಂದು ನೋಡಿದವು. ವಿನುತಾಳ ಮಗಳು ಮೊದಲು ನಕ್ಕಳು, ಗಲ್ಲದ ಮೇಲೆಲ್ಲ ಹಾಲು ಸುರಿಸಿಕೊಂಡು.